ಕಾರು ಒರೆಸುವ ಲೋಕರಕ್ಷಕ

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ತೊಳೆಯುವ ಹನುಮಂತನ ಕೈಯಲ್ಲಿ ಮೊನ್ನೆ ಬೆಳಿಗ್ಗೆ ಒಂದು ಪರಿಚಿತ ಮುಖ ಕಂಡಿತು. ಕೆಂಪು ಮುಖವಾಡ, ಚೌಕನೆಯ ಗಲ್ಲ, ಲೋಕದ ಕಷ್ಟವನ್ನೆಲ್ಲ ತಾನೊಬ್ಬನೇ ಹೊತ್ತವನಂತೆ ಗಂಟಿಕ್ಕಿದ ಹುಬ್ಬು. ಭೂಮಂಡಲವನ್ನು ಹಲವು ಸಲ ಕಾಪಾಡಿದ ಆ ಮನುಷ್ಯ ಬಕೆಟ್ಟಿನಲ್ಲಿ ಮುಳುಗೆದ್ದು, ಚೆನ್ನಾಗಿ ಹಿಂಡಿಸಿಕೊಂಡು, ಯಾರದೋ ಕಾರಿನ ಚಕ್ರದ ಕೆಸರು ಒರೆಸುತ್ತಿದ್ದ. ಅದು ನನ್ನದೇ ಟೀ ಶರ್ಟು, ಹಿಂದೊಮ್ಮೆ ಮೆರೆದ ಒಂದು ಸೂಪರ್‌ಹೀರೋ ಸಿನಿಮಾದ್ದು. ಹಳೆಯ ಬಟ್ಟೆಗಳ ಗಂಟಿನಲ್ಲಿ ನಾನೇ ಕೊಟ್ಟದ್ದು.

"ಬಟ್ಟೆ ಹೇಗಿದೆ ಹನುಮಂತ?" ಎಂದು ಕೇಳಿದೆ. ಏನಾದರೂ ಕೇಳಬೇಕಿತ್ತು.

"ಚಲೋ ಐತ್ರಿ ಸರ. ಮೊದ್ಲ ನೀರ ಹಿಡೀತಿದ್ದಿಲ್ಲ. ಒಗದು ಒಗದು ಈಗ ಭೇಷ್ ಹೀರ್ತೈತಿ."

ಆ ಸಿನಿಮಾಕ್ಕೆ ಸಂಬಂಧಿಸಿದಂತೆ ಇತ್ತೀಚಿನ ವರ್ಷಗಳಲ್ಲಿ ನಾನು ಕಿವಿಯಾರೆ ಕೇಳಿದ ಒಳ್ಳೆಯ ಮಾತು ಇದೊಂದೇ.

ನಮ್ಮ ಮನೆಗಳಲ್ಲಿ ಬಟ್ಟೆಗೂ ನಾಲ್ಕು ಆಶ್ರಮಗಳಿವೆ ಎಂಬುದು ನಿಮಗೆ ಗೊತ್ತೇ ಇದೆ. ಮೊದಲು ಇಸ್ತ್ರಿ ಮಾಡಿ ಹೊರಗೆ ಹಾಕಿಕೊಳ್ಳುವುದು. ಕುತ್ತಿಗೆ ಜೋತ ಮೇಲೆ ಮನೆಯೊಳಗೆ, ಹೆಚ್ಚೆಂದರೆ ಮೂಲೆಯ ಅಂಗಡಿಯಿಂದ ಹಾಲು ತರುವಷ್ಟು ದೂರಕ್ಕೆ. ಆಮೇಲೆ ಮಲಗುವಾಗ. ಕಡೆಗೆ ತೋಳು ಕತ್ತರಿಸಿಕೊಂಡು ಒರೆಸುವ ಬಟ್ಟೆಯಾಗಿ ಸಂನ್ಯಾಸ. ಈ ಸೂಪರ್‌ಹೀರೋ ಸಿನಿಮಾಗಳ ಬಗ್ಗೆ ಜನರ ಅಭಿಪ್ರಾಯವೂ ಇದೇ ದಾರಿ ಹಿಡಿಯುತ್ತದೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದನಂತೆ. ಹಾಗೆ ಎತ್ತಿ ಒಗೆದವರಲ್ಲಿ ನಾನೂ ಒಬ್ಬ.

ನನ್ನ ಬಗ್ಗೆ ಹೇಳಿಬಿಡುತ್ತೇನೆ. ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟೂ ಕೊಟ್ಟೂ ನಿಜವಾದ ಉತ್ತರ ನನಗೇ ಮರೆತುಹೋಗಿದೆ. ಹೆಣ್ಣು ನೋಡಲು ಹೋದಾಗಲೂ ಕಸುಬು ಬಿಡಲಿಲ್ಲ, ಅದಕ್ಕೇ ಹೀಗಾಯಿತು ಎಂದು ಅತ್ತಿಗೆ ಹೇಳುತ್ತಾರೆ. ದೊಡ್ಡನೆಕ್ಕುಂದಿಯಲ್ಲಿ ಎರಡು ಕೋಣೆಯ ಫ್ಲ್ಯಾಟು. ಒಂದು ಕೋಣೆಯಲ್ಲಿ ನಾನು, ಇನ್ನೊಂದರಲ್ಲಿ ಇಸ್ತ್ರಿಗೆ ಕಾದಿರುವ ಬಟ್ಟೆ. ಈಗ ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಬೆಳಿಗ್ಗೆ ನನ್ನ ದನಿ ಮೊದಲು ಕೇಳುವುದು ಹನುಮಂತನಿಗೆ, ಆಮೇಲೆ ಲ್ಯಾಪ್‌ಟಾಪಿಗೆ. ಭಾನುವಾರ ಹನುಮಂತ ರಜೆ ಹಾಕಿದರೆ ಸಂಜೆಯ ಹೊತ್ತಿಗೆ ಗಂಟಲು ಕಟ್ಟಿಕೊಂಡಿರುತ್ತದೆ, ಬಳಸದ ಕೊಳಾಯಿಯ ಹಾಗೆ.

ಆಗ ಹಾಗಿರಲಿಲ್ಲ. ಆಗ ನಮ್ಮದೊಂದು ತಂಡವಿತ್ತು. ತಿಂಡಿಗೂ ಒಟ್ಟಿಗೆ, ಚಹಾಕ್ಕೂ ಒಟ್ಟಿಗೆ, ಮ್ಯಾನೇಜರನ್ನು ಬೈಯುವುದಕ್ಕೂ ಒಟ್ಟಿಗೆ. ಆ ಸಿನಿಮಾ ಬಿಡುಗಡೆಯಾದ ದಿನ ತಂಡಕ್ಕೆ ತಂಡವೇ ಒಂದೇ ಬಗೆಯ ಟೀ ಶರ್ಟು ತೊಟ್ಟು ಮಾಲಿನ ಥಿಯೇಟರಿನಲ್ಲಿ ಒಂದಿಡೀ ಸಾಲು ಹಿಡಿದು ಕೂತಿತ್ತು. ಬೊಜ್ಜಿನ ಮೇಲೆ ಆ ಲೋಕರಕ್ಷಕನ ಮುಖ ಅಗಲವಾಗಿ, ನನ್ನ ಹೊಟ್ಟೆಯ ಮೇಲಿದ್ದವನು ಹೆಚ್ಚು ಉಂಡವನಂತೆ ಕಾಣುತ್ತಿದ್ದ. ಮ್ಯಾನೇಜರು ಮಧ್ಯಾಹ್ನ ಕ್ಲೈಂಟ್ ಕಾಲ್ ಇದೆ ಎಂದವರು ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಸಿಕ್ಕಿಬಿದ್ದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಈ ಸಿನಿಮಾ ನೋಡುವವರಲ್ಲಿ ಎರಡು ಕಟ್ಟುಪಾಡುಗಳಿವೆ. ಒಂದು, ನೋಡದವರ ಮುಂದೆ ಕಥೆ ಬಾಯಿಬಿಡಬಾರದು. ಕೊನೆಯಲ್ಲಿ ಯಾರು ಸತ್ತರು ಎಂದು ಹೇಳಿದವನು ನಮ್ಮ ಪಾಲಿಗೆ ಮಹಾಪಾಪಿ. ಲಿಫ್ಟಿನಲ್ಲಿ ಹಾಗೊಮ್ಮೆ ಬಾಯಿ ಜಾರಿದ ಅಕೌಂಟ್ಸ್ ವಿಭಾಗದವನೊಬ್ಬನನ್ನು ನಾವು ಬಹಳ ದಿನ ಊಟದ ಮೇಜಿಗೆ ಕರೆಯಲಿಲ್ಲ. ಎರಡನೆಯದು, ಸಿನಿಮಾ ಮುಗಿದ ಮೇಲೂ ಏಳಬಾರದು. ಪರದೆಯ ಮೇಲೆ ಕೆಲಸ ಮಾಡಿದವರ ಹೆಸರುಗಳೆಲ್ಲ ಹರಿದುಹೋಗಿ, ಕಟ್ಟಕಡೆಗೆ ಒಂದು ಪುಟ್ಟ ದೃಶ್ಯ ಬರುತ್ತದೆ, ಮುಂದಿನ ಸಿನಿಮಾದ ಸುಳಿವು. ಅದನ್ನು ನೋಡದೆ ಎದ್ದವನು ಮದುವೆಗೆ ಬಂದು ಊಟ ಮಾಡದೆ ಹೋದ ಹಾಗೆ.

ದಾವಣಗೆರೆಯಲ್ಲಿ ನಮ್ಮ ಅಜ್ಜಿಯ ನ್ಯಾಯ ಇದಕ್ಕೆ ತದ್ವಿರುದ್ಧವಾಗಿತ್ತು. ಸಿನಿಮಾಕ್ಕೆ ಕರೆದರೆ ಅವಳು ಮೊದಲು ಕೇಳುತ್ತಿದ್ದುದೇ ಕೊನೆಯನ್ನು.

"ಕಡೀಗೆ ಉಳಿತಾನೋ ಹೋಗ್ತಾನೋ, ಅದನ್ನ ಹೇಳು ತಮ್ಮಾ."

"ಹೇಳಿದ್ರೆ ಮಜಾ ಇರಲ್ಲ ಅಜ್ಜಿ."

"ಮಜಾ ನಿಂಗಿರ್ಲಿ. ಸಾಯೋನಾದ್ರೆ ನಾನು ಮನಸ್ಸು ಗಟ್ಟಿ ಮಾಡ್ಕೊಂಡು ಬರ್ತೀನಿ."

ಸಾಯುವ ಸಿನಿಮಾ ಎಂದು ಗೊತ್ತಾದರೆ ಸೊಂಟಕ್ಕೆ ಒಂದು ಕರ್ಚೀಫು ಹೆಚ್ಚಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ಯಾವಾಗ ಅಳಬೇಕೆಂದು ತಿಳಿದಿದ್ದರಿಂದ ನಿರಾಳವಾಗಿ, ಸರಿಯಾದ ಜಾಗದಲ್ಲಿ, ಕಣ್ತುಂಬ ಅಳುತ್ತಿದ್ದಳು. ಹೊರಗೆ ಬಂದು ಮಂಡಕ್ಕಿ ಮೆಣಸಿನಕಾಯಿ ಕೊಡಿಸುತ್ತಿದ್ದಳು. ನನಗೆ ಸಿನಿಮಾ ಚೆನ್ನಾಗಿತ್ತೋ ಇಲ್ಲವೋ ಎಂಬುದು ಆ ಮೆಣಸಿನಕಾಯಿಯ ಮೇಲೆ ನಿಂತಿತ್ತು. ಒಂದು ಸಲ ಹಾರುವ ವೀರನೊಬ್ಬನ ಸಿನಿಮಾ ನೋಡಿ ಬಂದು, ಅಪ್ಪನಿಗೆ ಸನ್ಮಾನದಲ್ಲಿ ಹೊದಿಸಿದ್ದ ಕೆಂಪು ಶಾಲನ್ನು ಕುತ್ತಿಗೆಗೆ ಕಟ್ಟಿಕೊಂಡು ಅಕ್ಕಿಮೂಟೆಯ ಮೇಲಿಂದ ಹಾರಿದ್ದೆ. ಮೊಣಕಾಲು ಒಡೆಯಿತು, ಶಾಲು ಹರಿಯಿತು. "ಸನ್ಮಾನ ಮಾಡಿಸ್ಕೊಂಡೋರೇ ಹಾರ್ಲಿಲ್ಲ, ನೀನು ಹಾರ್ತೀಯಾ" ಎಂದು ಅಜ್ಜಿ ಅರಿಸಿನ ಒತ್ತಿದಳು. ಆ ಶಾಲು ಆಮೇಲೆ ಬಹಳ ಕಾಲ ನಮ್ಮ ಮಿಕ್ಸಿಗೆ ಹೊದಿಕೆಯಾಗಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕೆಂದಿದ್ದು ಮಲ್ಲಿಕಾರ್ಜುನನ ಸಂಗತಿ. ತಂಡದಲ್ಲಿ ನನ್ನ ಪಕ್ಕದ ಕುರ್ಚಿಯವನು, ರಾಣೆಬೆನ್ನೂರಿನವನು. ಆಫೀಸಿನಲ್ಲಿ 'ಗುರು', 'ಮಗಾ' ಎಂದು ಬೆಂಗಳೂರಿಗರಿಗಿಂತ ಬೆಂಗಳೂರಿಗನಾಗಿದ್ದ. ಸಿಟ್ಟೋ ಸಂಕಟವೋ ಹೆಚ್ಚಾದಾಗ ಮಾತ್ರ ಊರಿನ ಮಾತು ಹೊರಬರುತ್ತಿತ್ತು. ಆ ಸಿನಿಮಾಕ್ಕೆ ಸ್ವಲ್ಪ ದಿನ ಮೊದಲು ಅವನ ಅಪ್ಪ ತೀರಿಕೊಂಡಿದ್ದರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಬಿದ್ದ ಹುಡುಗರನ್ನು ಎತ್ತುವ ಬದಲು "ಏಳು" ಎನ್ನುತ್ತಿದ್ದವರು, ಸ್ವಂತ ಮಗನಿಗೂ ಅಷ್ಟೇ. ಮಣ್ಣಿಗೆ ನಾನೂ ಹೋಗಿದ್ದೆ. ಮಲ್ಲು ಅಳಲಿಲ್ಲ. ಬಂದವರಿಗೆ ನೀರು ಕೊಟ್ಟ, ಚಪ್ಪಲಿ ಸರಿಸಿ ದಾರಿ ಮಾಡಿದ, ಶಾಮಿಯಾನದವನ ಜೊತೆ ಮಾತಾಡಿದ. ಕಾರ್ಯವೆಲ್ಲ ಮುಗಿಸಿ ಬಂದವನು ಮರುದಿನವೇ ಮೀಟಿಂಗಿನಲ್ಲಿ ಎಲ್ಲರಿಗಿಂತ ಮೊದಲು ಕೂತಿದ್ದ. ನಾವು ಏನು ಹೇಳಬೇಕೋ ತಿಳಿಯದೆ ಅವನ ಚಹಾಕ್ಕೆ ಬಿಸ್ಕತ್ತು ಜೊತೆಗಿಡುತ್ತಿದ್ದೆವು.

ಆ ಸಿನಿಮಾದ ಕೊನೆಯಲ್ಲಿ ಲೋಕರಕ್ಷಕ ಸಾಯುತ್ತಾನೆ. ಕುಸಿಯುವ ಸೇತುವೆಯೊಂದನ್ನು ಬೆನ್ನ ಮೇಲೆ ಹೊತ್ತು, ಜನರೆಲ್ಲ ದಾಟುವವರೆಗೆ ನಿಂತು, ಕಡೆಗೆ ಅದರಡಿಯಲ್ಲೇ ಮುಚ್ಚಿಹೋಗುತ್ತಾನೆ. ಇಡೀ ಥಿಯೇಟರು ಮೂಗು ಸುರಿಸುತ್ತಿತ್ತು. ನನ್ನ ಎಡಗಡೆ ಒಂದು ವಿಚಿತ್ರ ಸದ್ದು ಕೇಳಿಸಿತು. ನೋಡಿದರೆ ಮಲ್ಲು. ಬಾಯಿಗೆ ಮುಷ್ಟಿ ಅದುಮಿಕೊಂಡು, ಮೈಯೆಲ್ಲ ಅಲುಗುವಂತೆ ಅಳುತ್ತಿದ್ದ. ಅದು ಸಿನಿಮಾಕ್ಕೆ ಅಳುವ ಅಳುವಾಗಿರಲಿಲ್ಲ. ನಾನು ಕರ್ಚೀಫು ಕೊಟ್ಟೆ, ಅವನ ಮಣಿಕಟ್ಟು ಹಿಡಿದುಕೊಂಡೆ. ದೀಪ ಹತ್ತಿತು. ಆದರೆ ಕಟ್ಟುಪಾಡಿನಂತೆ ಯಾರೂ ಏಳಲಿಲ್ಲ, ಎಲ್ಲರ ಕಣ್ಣೂ ಪರದೆಯ ಮೇಲೇ ಇತ್ತು. ಹೆಸರುಗಳು ಹರಿಯುತ್ತಲೇ ಹೋದವು. ಅಷ್ಟು ಉದ್ದದ ಪಟ್ಟಿಗೆ ನಾನು ಎಂದೂ ಅಷ್ಟು ಕೃತಜ್ಞನಾಗಿರಲಿಲ್ಲ. ಅವನ ಅಳು ಮುಗಿಯುವಷ್ಟು ಹೊತ್ತು ಅದು ಓಡಿತು.

ಕಟ್ಟಕಡೆಗೆ ಆ ಪುಟ್ಟ ದೃಶ್ಯ ಬಂತು. ಸೇತುವೆಯ ಕಲ್ಲುರಾಶಿ, ದೂಳು, ಮೌನ. ಕಲ್ಲಿನ ಸಂದಿಯಲ್ಲಿ ಒಂದು ಬೆರಳು ಅಲುಗಾಡಿತು. ಅಷ್ಟೇ. ಥಿಯೇಟರು ಕಿತ್ತುಹೋಗುವಂತೆ ಶಿಳ್ಳೆ ಬಿತ್ತು. ಮಲ್ಲು ಒದ್ದೆ ಮುಖದಲ್ಲೇ ನಗುತ್ತ ನನ್ನ ಭುಜ ಹಿಡಿದು ಅಲುಗಿಸಿದ. "ಸತ್ತಿಲ್ಲಲೇ ಅವ. ನೋಡಲೇ, ಸತ್ತಿಲ್ಲ" ಎಂದ.

ನನ್ನ ಮಟ್ಟಿಗೆ ಅದು ನನ್ನ ಬೆಂಗಳೂರಿನ ಬದುಕಿನ ಅತ್ಯಂತ ಒಳ್ಳೆಯ ಮಧ್ಯಾಹ್ನ.

ಆಮೇಲಿನದು ನಿಮಗೆ ಗೊತ್ತಿರುವ ಕಥೆಯೇ. ಮೊದಮೊದಲು ಸಿನಿಮಾದ ಬಗ್ಗೆ ಒಂದು ಮಾತು ಆಡುವಂತಿರಲಿಲ್ಲ. "ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ" ಎಂದವನನ್ನು ಎಲ್ಲರೂ ಜ್ವರ ಬಂದವನನ್ನು ನೋಡುವಂತೆ ನೋಡುತ್ತಿದ್ದರು. ಸ್ವಲ್ಪ ಕಾಲ ಹೋಯಿತು. ಅದು ಮೊಬೈಲಿಗೆ ಬಂತು, ಲೋಕರಕ್ಷಕ ಅಂಗೈಯಷ್ಟಾದ. ಯಾರೋ ಅದರ ತಪ್ಪುಗಳ ವಿಡಿಯೋ ಮಾಡಿ ಕಳಿಸಿದರು. ಮುಂದಿನ ಸಿನಿಮಾದಲ್ಲಿ ಆತ ಕಲ್ಲುರಾಶಿಯಿಂದ ಮೈ ಕೊಡವಿಕೊಂಡು ಎದ್ದು ಬಂದ, ಅದರ ಮುಂದಿನದರಲ್ಲಿ ಮತ್ತೆ ಸತ್ತು ಮತ್ತೆ ಬಂದ. ಜನರಿಗೆ ಸಾಕಾಯಿತು. ಬಿದ್ದವನಿಗೆ ಆಳಿಗೊಂದು ಕಲ್ಲು. ಹೊಗಳುವುದು ದಡ್ಡತನದ ಗುರುತಾಗಿ, ಆಡಿಕೊಳ್ಳುವುದೇ ಜಾಣತನವಾಯಿತು. ಬೆಂಕಿಯಲ್ಲಿ ಅವನ ಮೇಲಂಗಿ ಯಾಕೆ ಸುಡುವುದಿಲ್ಲ ಎಂದು ಕ್ಯಾಂಟೀನಿನಲ್ಲಿ ನಾನೂ ಒಂದು ಕಲ್ಲು ಎಸೆದೆ. ಕಸುಬು, ಏನು ಮಾಡುವುದು. ಈಗ ಮತ್ತೊಂದು ಗಾಳಿ ಬೀಸಿದೆ. ಹೊಸ ಸಿನಿಮಾಗಳಿಗಿಂತ ಹಳೆಯದೇ ವಾಸಿ ಎನ್ನುತ್ತಾರೆ, ಅದನ್ನು ನೋಡಿದಾಗ ಶಾಲೆಯಲ್ಲಿದ್ದ ಹುಡುಗರು.

ತಂಡವೂ ಅದೇ ಹೊತ್ತಿಗೆ ಚದುರಿತು. ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಂದು ಕಾರಣವಾದರೂ ಇರುತ್ತಿತ್ತು. ಒಬ್ಬ ಪುಣೆಗೆ ಹೋದ, ಇಬ್ಬರು ಬೇರೆ ಕಂಪನಿಗೆ, ಮಲ್ಲು ಎಲೆಕ್ಟ್ರಾನಿಕ್ ಸಿಟಿಗೆ ಮ್ಯಾನೇಜರಾಗಿ ಹೋದ. ಎಲೆಕ್ಟ್ರಾನಿಕ್ ಸಿಟಿಯೂ ವೈಟ್‌ಫೀಲ್ಡೂ ಒಂದೇ ಊರಿನಲ್ಲಿವೆ ಎನ್ನುವವರು ಸಂಜೆ ಆರಕ್ಕೆ ಹೊರಟು ನೋಡಬೇಕು. "ಸಿಗೋಣ ಗುರು" ಎಂಬ ಮಾತು ಫೋನಿನಲ್ಲಿ ನಮಸ್ಕಾರದ ಜಾಗಕ್ಕೆ ಬಂತು. ಆಮೇಲೆ ಫೋನೂ ಕಡಿಮೆಯಾಯಿತು. ತಂಡದ ವಾಟ್ಸಾಪ್ ಗುಂಪಿನಲ್ಲಿ ಈಗ ಹುಟ್ಟುಹಬ್ಬದ ಕೇಕುಗಳು ಮಾತ್ರ ಓಡಾಡುತ್ತವೆ.

ಕಳೆದ ವರ್ಷ ನಮ್ಮ ತಂಡದ ದೀಪಾ ಸರ್ಜಾಪುರದಲ್ಲಿ ಫ್ಲ್ಯಾಟ್ ಕೊಂಡಳು. ಗೃಹಪ್ರವೇಶಕ್ಕೆ ಹಳಬರೆಲ್ಲ ಸೇರಿದೆವು. ಎಲೆ ಊಟ ಮುಗಿದು ತಾಂಬೂಲ ಹಿಡಿದು ಕೂತಾಗ, ಹೊಸ ಗೋಡೆಯ ಹೊಸ ಟೀವಿಯಲ್ಲಿ ಮಕ್ಕಳು ಅದೇ ಸಿನಿಮಾ ಹಾಕಿಕೊಂಡಿದ್ದರು. ಸೇತುವೆಯ ದೃಶ್ಯ ಬಂತು. ನಮ್ಮವರಿಗೆ ನಗು ಶುರುವಾಯಿತು.

"ಇದನ್ನ ನೋಡೋಕೆ ರಜೆ ಹಾಕಿದ್ವಲ್ಲ, ಥೂ" ಎಂದಳು ದೀಪಾ.

"ಆ ಸೇತುವೆ ನೋಡೇ, ಥರ್ಮಾಕೋಲು" ಎಂದ ಇನ್ನೊಬ್ಬ.

ನನಗೆ ಯಾಕೋ ಸಹಿಸಲಾಗಲಿಲ್ಲ. "ಅವತ್ತು ನಾವೆಲ್ಲ ಅತ್ತಿದ್ವಿ ಕಣ್ರೋ" ಎಂದೆ. ಎಲ್ಲರೂ ನನ್ನತ್ತ ನೋಡಿದರು. ನಾನು ಬೇಡಬೇಡವೆಂದುಕೊಂಡೇ ಮಲ್ಲುವಿನ ಕಡೆ ನೋಡಿಬಿಟ್ಟೆ.

"ನಾನಾ?" ಎಂದು ಮಲ್ಲು ದೊಡ್ಡ ದನಿಯಲ್ಲಿ ನಕ್ಕ. "ಎಸಿ ಜಾಸ್ತಿ ಇತ್ತು ಗುರು. ನೆಗಡಿ ಆಗಿತ್ತು. ಡಬ್ಬಾ ಸಿನಿಮಾ ಅದು, ಅದಕ್ಕೆ ಯಾರು ಅಳ್ತಾರೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಸಿನಿಮಾ ಡಬ್ಬಾ ಆಗಿರಲಿ, ನನ್ನ ತಕರಾರಿಲ್ಲ. ಆದರೆ ಅದರ ಜೊತೆಗೆ ಆ ಮಧ್ಯಾಹ್ನವೂ ಡಬ್ಬಾ ಆಗಿಹೋದರೆ ನನ್ನ ಹತ್ತಿರ ಉಳಿಯುವುದು ಬಹಳ ಕಡಿಮೆ. ಅಷ್ಟು ಜನರಲ್ಲಿ ಒಬ್ಬರಾದರೂ, ಅದೂ ಮಲ್ಲು, ಅದು ನಿಜವಾಗಿತ್ತು ಎಂದು ಹೇಳಬೇಕಿತ್ತು.

ಹೊರಡುವಾಗ ಬಾಗಿಲ ಬಳಿ ಚಪ್ಪಲಿಗಳ ರಾಶಿಯಲ್ಲಿ ಇಬ್ಬರೂ ನಮ್ಮ ನಮ್ಮದು ಹುಡುಕುತ್ತಿದ್ದೆವು. ಮಲ್ಲು ಬಗ್ಗಿದ್ದವನು ಬಗ್ಗಿದ ಹಾಗೇ ಹೇಳಿದ.

"ಆ ಬೆರಳು ಅಳ್ಳಾಡಬಾರದಿತ್ತು ನೋಡಲೇ."

ನನ್ನದೊಂದು ಚಪ್ಪಲಿ ಸಿಕ್ಕಿತು, ಕಾಲಿಗೆ ಹಾಕಿಕೊಂಡೆ.

"ಅವತ್ತು ರೂಮಿಗೆ ಹೋಗಿ ನಮ್ಮಪ್ಪನ ನಂಬರಿಗೆ ಫೋನ್ ಹಚ್ಚಿದ್ದೆ. ಎಂಥಾ ಹುಚ್ಚ ನೋಡು ನಾನು." ಬಕಲ್ ಹಾಕಿಕೊಂಡು ನೆಟ್ಟಗಾದ. "ಸತ್ತಾಂವ ಸತ್ತ ಅಂತ ತೋರಿಸಿ ಬಿಡಬೇಕಿತ್ತು. ಆಸೆ ಹಚ್ಚಬಾರದಿತ್ತು."

ಅಷ್ಟರಲ್ಲಿ ಲಿಫ್ಟು ಬಂತು. ಒಳಗೆ ಬೇರೆಯವರಿದ್ದರು. "ಸಿಗೋಣ ಗುರು" ಎಂದು ಮಲ್ಲು ಕೆಳಗೆ ಹೋದ. ನಾನು ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದೆ. ಹೇಳಬೇಕಾದ ಮಾತು ಹೊಳೆದಿದ್ದರೆ ಮೆಟ್ಟಿಲಿಳಿದು ಓಡುತ್ತಿದ್ದೆನೇನೋ, ಹೊಳೆಯಲಿಲ್ಲ. ಅಲ್ಲಿಂದೀಚೆಗೆ ನಾವು ಮಾತಾಡಿದ್ದು ಎರಡು ಹಬ್ಬದ ಶುಭಾಶಯ ಮಾತ್ರ.

ಹನುಮಂತನ ಬಕೆಟ್ಟಿನಲ್ಲಿ ಆ ಮುಖ ನೋಡಿದ ವಾರವೇ ಲೋಕರಕ್ಷಕನ ಹೊಸ ಸಿನಿಮಾ ಬಿಡುಗಡೆಯಾಯಿತು. ಇದೇ ಕಡೆಯದು ಎಂದು ಹೇಳಿಕೊಂಡಿದ್ದರು. ನಾನು ಗುಂಪಿನಲ್ಲಿ "ಹೋಗೋಣ್ವಾ? ಹಳೇ ಸಾಲು ಹಿಡಿಯೋಣ" ಎಂದು ಹಾಕಿದೆ. ಒಂದು ಹೆಬ್ಬೆಟ್ಟು ಬಂತು. "ಓಟಿಟಿಗೆ ಬರಲಿ ಬಿಡಿ" ಎಂದು ದೀಪಾ ಬರೆದಳು. ಮಲ್ಲು ಓದಿದ, ಏನೂ ಬರೆಯಲಿಲ್ಲ. ಕೆಳಗೆ ಯಾರದೋ ಮಗುವಿನ ಕೇಕು ಬಂದು ನನ್ನ ಪ್ರಶ್ನೆ ಮೇಲೆ ಸರಿದು ಮರೆಯಾಯಿತು.

ಶುಕ್ರವಾರ ಬೆಳಗಿನ ಆಟಕ್ಕೆ ಒಬ್ಬನೇ ಹೋದೆ. ಅದೇ ಮಾಲು, ಹೆಚ್ಚುಕಡಿಮೆ ಅದೇ ಸಾಲು. ಮುಂದೆ ಕಾಲೇಜಿನ ಜೋಡಿಯೊಂದು, ಹಿಂದೆ ನಿದ್ದೆ ಮಾಡುವವನೊಬ್ಬ, ಅಷ್ಟೇ ಜನ. ಪಾಪ್‌ಕಾರ್ನ್ ದೊಡ್ಡದು ತಗೊಂಡಿದ್ದೆ, ಅಭ್ಯಾಸ. ಎಡಗಡೆಯ ಕುರ್ಚಿಯ ಮೇಲಿಟ್ಟೆ. ಸಿನಿಮಾ ಹೇಗಿತ್ತು ಎಂದರೆ, ಮೊದಲರ್ಧ ಸಪ್ಪೆ. ಲೋಕರಕ್ಷಕನಿಗೆ ವಯಸ್ಸಾಗಿದೆ, ಮೊಣಕಾಲು ನೋವು, ಹಾರುವ ಮೊದಲು ಗೋಡೆ ಹಿಡಿದು ನಿಲ್ಲುತ್ತಾನೆ. ಕೊನೆಯಲ್ಲಿ ಸೇತುವೆಯೂ ಇಲ್ಲ, ಬೆಂಕಿಯೂ ಇಲ್ಲ. ಬೆಳಕು ಬರುವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತವನು ಮುಖವಾಡ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾನೆ, ಹಾಗೇ ಹೋಗಿಬಿಡುತ್ತಾನೆ. ನನಗೆ ದುಃಖ ಬಂತು. ಅವನಿಗಾಗಿಯೋ ನನಗಾಗಿಯೋ ಕೇಳಬೇಡಿ.

ದೀಪ ಹತ್ತಿತು. ಉಳಿದವರು ಎದ್ದು ಹೋದರು. ನಾನು ಕೂತಿದ್ದೆ. ಹೆಸರುಗಳು ಹರಿಯುತ್ತಿದ್ದವು. ಪೊರಕೆ, ಕಸದ ಚೀಲ ಹಿಡಿದು ಬಂದ ಹೆಂಗಸು ಎರಡು ಸಾಲು ಗುಡಿಸಿ ನನ್ನ ಬಳಿ ನಿಂತಳು.

"ಸರ, ಇದ್ರಾಗ ಕಡೀಕ ಏನೂ ಇಲ್ರಿ. ಎಲ್ಲಾರೂ ಎದ್ದು ಹೋಗಾಕತ್ತಾರ."

"ಇರಲಿಯಮ್ಮ, ಮುಗೀಲಿ. ಒಂಚೂರು ಕೂತಿರ್ತೀನಿ."

ಅವಳು ಪೊರಕೆಗೆ ಒರಗಿ ತಾನೂ ಪರದೆ ನೋಡಿದಳು. ಅವಳ ಪಾಲಿಗೆ ಸಿನಿಮಾ ಎಂದರೆ ಈ ಹೆಸರುಗಳೇ ಇರಬೇಕು. "ಚಲೋ ಐತೇನ್ರಿ ಪಿಚ್ಚರ್?" ಎಂದು ಕೇಳಿದಳು.

ಎಷ್ಟೋ ವರ್ಷಗಳಿಂದ ಎಲ್ಲರೂ ನನಗೆ ತಮ್ಮ ಅಭಿಪ್ರಾಯ ಹೇಳಿದ್ದರೇ ಹೊರತು ನನ್ನದನ್ನು ಹೀಗೆ ಯಾರೂ ಕೇಳಿರಲಿಲ್ಲ. ಹೇಳಲು ಅಕ್ಕಪಕ್ಕ ನೋಡಬೇಕಾಗಿಯೂ ಇರಲಿಲ್ಲ. "ಚೆನ್ನಾಗಿದೆಯಮ್ಮ" ಎಂದೆ. "ಹಳೇದೂ ಚೆನ್ನಾಗಿತ್ತು."

"ಹೌದ್ರಿ?" ಎಂದು ಅವಳು ಮುಂದಿನ ಸಾಲಿಗೆ ಹೋದಳು.

ಕೊನೆಯ ಹೆಸರು ಹೋಯಿತು. ಪರದೆ ಕಪ್ಪಾಯಿತು, ಕಪ್ಪಾಗಿಯೇ ಇತ್ತು. ಯಾವ ಬೆರಳೂ ಅಲುಗಾಡಲಿಲ್ಲ. ಅಲ್ಲೇ ಕೂತು ಮಲ್ಲುವಿಗೆ ಸಂದೇಶ ಬರೆದೆ. ನಮ್ಮ ಜನರಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಆದರೆ ನನ್ನ ಅಜ್ಜಿ ಇದನ್ನು ಪಾಪವೆನ್ನುತ್ತಿರಲಿಲ್ಲ.

"ಹೊಸದು ನೋಡಿದೆ. ಕೊನೆಗೆ ಸಾಯ್ತಾನೆ. ಬೆರಳುಗಿರಳು ಏನೂ ಅಲ್ಲಾಡಲ್ಲ, ಪೂರ್ತಿ ಕೂತು ಟೆಸ್ಟ್ ಮಾಡಿದೀನಿ. ನೀನು ಧೈರ್ಯವಾಗಿ ಹೋಗಬಹುದು. ಎಸಿ ಮಾತ್ರ ಜಾಸ್ತಿ ಇದೆ, ಕರ್ಚೀಫು ತಗೊಂಡು ಹೋಗು."

ಓದಿದ ಗುರುತು ತಕ್ಷಣ ಬಂತು. ಉತ್ತರ ಬರಲಿಲ್ಲ. ಪಾಪ್‌ಕಾರ್ನ್ ಎತ್ತಿಕೊಂಡು ಎಸ್ಕಲೇಟರಿನಲ್ಲಿ ಇಳಿದೆ, ಆಟೋ ಹಿಡಿದೆ, ದೊಡ್ಡನೆಕ್ಕುಂದಿಯ ತಿರುವಿನಲ್ಲಿ ಎಂದಿನಂತೆ ಸಿಕ್ಕಿಕೊಂಡೆ. ಮನೆಗೆ ಬಂದು ಬಾಗಿಲು ತೆಗೆದಾಗ ಜೇಬಿನಲ್ಲಿ ಫೋನು ಅಲುಗಿತು.

"ಅವತ್ತೂ ಭಾಳ ಇತ್ತಲೇ ಎಸಿ."